ಅಕ್ಷರ ಸವೆದಿದೆಯೋ, ಫೈಲು ಕೆಟ್ಟಿದೆಯೋ? ತಪಾಸಣೆ ವರದಿಯನ್ನು ನಮಗೆ ಬೇಕಾದಂತೆ ಮಾಡಿಕೊಳ್ಳುವುದು

ಪಡಿಯಚ್ಚಿನಲ್ಲಿ ಕೊರೆದ ಅಕ್ಷರ ಬೆಳ್ಳಗೆ, ಸುತ್ತಲಿನ ಕಲ್ಲಿನ ಮೈ ಕಪ್ಪಗೆ ಬರುತ್ತದೆ. ಅದರ ಕಪ್ಪು-ಬಿಳುಪು ಟಿಫ್ ಚಿತ್ರದಲ್ಲಿ ಒಂದಷ್ಟು ಬೈಟುಗಳು ಅಳಿದು ಸೊನ್ನೆಯಾದರೆ ಸಾಮಾನ್ಯವಾಗಿ ಆ ಜಾಗವೂ ಕಪ್ಪೇ. ಫೈಲು ಎಂದಿನಂತೆ ತೆರೆಯುತ್ತದೆ. ಓದುವವರು ‘ಇಲ್ಲಿ ಅಕ್ಷರ ಸವೆದಿದೆ’ ಎಂದು ಗುರುತು ಹಾಕಿಕೊಂಡು ಮುಂದಿನ ಸಾಲಿಗೆ ಹೋಗ್ತಾರೆ. ಜೆಪೆಗ್ ಕೆಟ್ಟರೆ ಬಹುತೇಕ ಅರ್ಧ ಚಿತ್ರವೇ ಬಣ್ಣಗೆಟ್ಟು ಕಣ್ಣಿಗೆ ಹೊಡೆಯುತ್ತದೆ. ಟಿಫ್ ಸದ್ದಿಲ್ಲದೆ ಕೆಡುತ್ತದೆ.

ಇದಕ್ಕೇ ಚೆಕ್‌ಸಮ್. ಎಸ್‌ಎಚ್‌ಎ-256 ವಿಧಾನದಲ್ಲಿ ಪ್ರತಿ ಫೈಲಿಗೂ 64 ಚಿಹ್ನೆಗಳ ಒಂದು ಗುರುತು ಸಿಗುತ್ತದೆ. ಒಂದು ಬಿಟ್ ಬದಲಾದರೂ ಗುರುತು ಪೂರಾ ಬೇರೆಯಾಗುತ್ತದೆ. ಮೊದಲು ಬರೆದಿಟ್ಟ ಪಟ್ಟಿಯೊಡನೆ ಹೋಲಿಸಿದರೆ ಆಯ್ತು.

ತೊಡಕಿರುವುದು ವರದಿಯಲ್ಲಿ. ‘ಎಸ್‌ಎಚ್‌ಎ256ಸಮ್’ ಸಲಕರಣೆ ಸರಿಯಿರುವ ಫೈಲಿಗೂ ಒಂದೊಂದು ‘ಓಕೆ’ ಸಾಲು ಬರೆಯುತ್ತದೆ. ನಾಲ್ಕು ಸಾವಿರ ಚಿತ್ರವಿದ್ದರೆ ನಾಲ್ಕು ಸಾವಿರ ಸಾಲು. ಯಾರು ಓದ್ತಾರೆ ಹೇಳಿ? ‘ಕ್ವಾಯೆಟ್’ ಆಯ್ಕೆ ಕೊಟ್ಟರೆ ತಪ್ಪಿದವು ಮಾತ್ರ ಬರುತ್ತವೆ. ಅಷ್ಟೂ ಸಾಲದು. ‘ಸೌಂದತ್ತಿ’ ಎಂಬ ಫೋಲ್ಡರಿಗೆ ಯಾರೋ ‘ಸವದತ್ತಿ’ ಎಂದು ಹೆಸರು ಬದಲಿಸಿದರೆ (ನಮ್ಮಲ್ಲಿ ಇದು ಆಗುವಂಥದ್ದೇ!) ಅಲ್ಲಿನ ರಟ್ಟರ ಶಾಸನಗಳೆಲ್ಲ ಕಳೆದುಹೋದಂತೆ ವರದಿ ಕೂಗುತ್ತದೆ. ‘ಹ್ಯಾಶ್‌ಡೀಪ್’ ಇಲ್ಲಿ ವಾಸಿ. ಅದರ ಆಡಿಟ್ ವರದಿ ಜಾಗ ಬದಲಿಸಿದವು, ಹೊಸದಾಗಿ ಸೇರಿದವು, ಸಿಗದವು ಎಂದು ಬೇರೆ ಬೇರೆ ತೋರಿಸುತ್ತದೆ.

ಇದಕ್ಕೆ ನಾವೇ ಸೇರಿಸಿಕೊಳ್ಳಬೇಕಾದ ಒಂದು ಕಾಲಂ ಇದೆ: ಫೈಲು ಕೊನೆಯ ಸಲ ಬದಲಾದ ದಿನಾಂಕ. ಗುರುತು, ದಿನಾಂಕ ಎರಡೂ ಬದಲಾಗಿದ್ದರೆ ಯಾರೋ ಚಿತ್ರ ತಿರುಗಿಸಿ ಸೇವ್ ಮಾಡಿರಬಹುದು, ಕೇಳಿದರೆ ಗೊತ್ತಾಗುತ್ತದೆ. ದಿನಾಂಕ ಹಾಗೇ ಇದ್ದು ಗುರುತು ಮಾತ್ರ ಬೇರೆಯಾಗಿದ್ದರೆ ಮೊದಲು ಡಿಸ್ಕನ್ನೇ ಶಂಕಿಸಬೇಕು. ಇಂಥವು ವರದಿಯ ತಲೆಯಲ್ಲೇ ಬರಲಿ. ಇದಕ್ಕಾಗಿ ಗುರುತಿನ ಪಟ್ಟಿ ಮಾಡುವಾಗಲೇ ದಿನಾಂಕವನ್ನೂ ಬರೆದಿಟ್ಟಿರಬೇಕು, ನೆನಪಿರಲಿ.

ಇನ್ನೊಂದು ಕಾಲಂ ಕಲ್ಲಿನ ಸ್ಥಿತಿಗೆ. ಸೊಗಲದಲ್ಲಿರುವ ಇಮ್ಮಡಿ ತೈಲಪನ ಕಾಲದ 980ರ ಶಾಸನವಾಗಲಿ, ತೊರಗಲ್ಲಿನ ಭೂತನಾಥ ಗುಡಿಯ 1188ರ ಶಾಸನವಾಗಲಿ, ಅಚ್ಚಾದ ಪಾಠ ಇರುವುದರಿಂದ ಹೋಲಿಸಿ ನೋಡಲು ಆಧಾರವಿದೆ. ಹೊಲದ ಬದುವಿನಲ್ಲಿ ಸಿಕ್ಕ, ಎಲ್ಲೂ ಪ್ರಕಟವಾಗದ ವೀರಗಲ್ಲಿಗೆ ಆ ಚಿತ್ರವೊಂದೇ ದಾಖಲೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗ ತಾಲೂಕಿನ ಊರುಗಳಿಗೆ ನುಗ್ಗಿದ್ದು ನೆನಪಿದೆಯಲ್ಲ? ಹೊಳೆದಂಡೆಯ ಕಲ್ಲುಗಳನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ‘ಅಪ್ರಕಟಿತ’, ‘ಕಲ್ಲು ಈಗಿಲ್ಲ’ ಎಂಬ ಟಿಪ್ಪಣಿಯಿರುವ ಫೈಲುಗಳನ್ನು ಅಚ್ಚಾದವುಗಳಿಗಿಂತ ಮೇಲೆ ಹಾಕಿ.

ಚೆಕ್‌ಸಮ್ ಕೆಟ್ಟದ್ದನ್ನು ತೋರಿಸುತ್ತದೆ, ರಿಪೇರಿ ಮಾಡೋದಿಲ್ಲ. ಬೇರೆ ಡಿಸ್ಕಿನಲ್ಲಿ ಪ್ರತಿ ಇರಲೇಬೇಕು. ಗುರುತಿನ ಪಟ್ಟಿಯನ್ನು ಕ್ಯಾಮೆರಾದ ಕಾರ್ಡಿನಿಂದ ಇಳಿಸಿದ ದಿನವೇ ತಯಾರಿಸಿ. ವರ್ಷ ಬಿಟ್ಟು ಮಾಡಿದರೆ, ಅಷ್ಟರಲ್ಲಿ ಕೆಟ್ಟಿದ್ದ ಫೈಲಿಗೂ ಮುಂದೆ ಪ್ರತಿ ಸಲ ‘ಓಕೆ’ ಅಂತಲೇ ಬರುತ್ತದೆ.