ಬಾನಿಗೆ ಹೋಗಲು ಸ್ವಂತ ಬಂಡಿ

ಕೋಲಾರ ಜಿಲ್ಲೆಯ ಹೋಳೂರಿನಿಂದ ಶ್ರೀನಿವಾಸಪುರದತ್ತ ಸಾಗಿದರೆ ಮಾವಿನ ತೋಪುಗಳ ನೆರಳು ಜೊತೆಗೇ ಬರುತ್ತದೆ. 2025ರ ಜೂನ್‌ನಲ್ಲಿ ಈ ಸೀಮೆಯಲ್ಲಿ ತೋತಾಪುರಿಯ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದಿದ್ದರು. ಅದೇ ತಿಂಗಳ 25ರಂದು ಅಮೆರಿಕದ ಫ್ಲಾರಿಡಾದಿಂದ ಅಂತರಿಕ್ಷಕ್ಕೆ ಹೊರಟ ಶುಭಾಂಶು ಶುಕ್ಲಾ ಅವರ ಬುತ್ತಿಯಲ್ಲಿ ಮಾವಿನ ರಸವಿತ್ತು. ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವಗಳೂ ಇದ್ದವು. ಅವರಿಗಿಂತ 41 ವರ್ಷ ಮೊದಲು, 1984ರ ಏಪ್ರಿಲ್ 3ರಂದು, ಸೋವಿಯತ್ ಒಕ್ಕೂಟದ ಸೋಯುಜ್ ಟಿ-11 ನೌಕೆಯಲ್ಲಿ ಹೋದ ರಾಕೇಶ್ ಶರ್ಮಾ ಅವರಿಗೂ ಬುತ್ತಿ ಕಟ್ಟಿಕೊಟ್ಟದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ.

ಮೇಲೆ ಮಾವಿನ ರಸವನ್ನು ಲೋಟಕ್ಕೆ ಬಗ್ಗಿಸಿ ಕುಡಿಯಲಾಗದು. ತೂಕವೇ ಇಲ್ಲದ ಆ ಸ್ಥಿತಿಯಲ್ಲಿ ರಸ ಗೋಲಿಯಂತೆ ಉಂಡೆಗಟ್ಟಿ ತೇಲುತ್ತದೆ. ತಿಂಡಿಯ ಪುಡಿ ಉದುರಿದರೆ ಕಣ್ಣಿಗೆ ಬೀಳಬಹುದು, ಯಂತ್ರದ ಸಂದಿಗೂ ಸೇರಬಹುದು. ಅದಕ್ಕೇ ರಸವನ್ನು ಚೀಲದಲ್ಲಿ ತುಂಬಿ ನಳಿಕೆಯಿಂದ ಹೀರುತ್ತಾರೆ.

ಬುತ್ತಿ ನಮ್ಮದು, ಬಂಡಿ ಮಾತ್ರ ಪರರದು. ಶರ್ಮಾ ಹತ್ತಿದ್ದು ಸೋವಿಯತ್ ನೌಕೆ, ಶುಕ್ಲಾ ಹತ್ತಿದ್ದು ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್. ನಂಟರ ಬಂಡಿಯಲ್ಲಿ ಜಾತ್ರೆಗೆ ಹೋಗುವುದು ಸಣ್ಣ ಮಾತೇನಲ್ಲ. ಆದರೆ ಮಾನವ ಅಂತರಿಕ್ಷಯಾನದಲ್ಲಿ ಯಾವ ದೇಶ ಎಲ್ಲಿದೆ ಎಂದು ಅಳೆಯುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಂಡಿ ಯಾರದು ಎಂಬುದೇ.

ಹಾಗೆ ಅಳೆದರೆ ಪಟ್ಟಿಯಲ್ಲಿ ಇದುವರೆಗೆ ಮೂರೇ ಹೆಸರು. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ 108 ನಿಮಿಷಗಳ ಯಾನ ಮುಗಿಸಿ ಸೋವಿಯತ್ ನೆಲಕ್ಕೆ ಮರಳಿದರು. ಮೂರು ವಾರ ಕಳೆದ ಕೆಲವೇ ದಿನಗಳಲ್ಲಿ ಅಮೆರಿಕದ ಅಲನ್ ಶೆಪರ್ಡ್ ಹಾರಿದರು. ಚೀನಾದ ಯಾಂಗ್ ಲಿವೀ ಹೋದದ್ದು 2003ರ ಅಕ್ಟೋಬರ್ 15ರಂದು.

ಮೊದಲು ಹೋದವರೇ ಎಲ್ಲದರಲ್ಲೂ ಮುಂದೆ ಎನ್ನುವಂತಿಲ್ಲ. 1969ರಿಂದ 1972ರ ನಡುವೆ 12 ಅಮೆರಿಕನ್ನರು ಚಂದ್ರನ ಮೇಲೆ ನಡೆದರು. ರಷ್ಯನ್ನರು ಅಲ್ಲಿಗೆ ಕಾಲಿಡಲೇ ಇಲ್ಲ. ಆದರೆ ಮೇಲೆ ದೀರ್ಘಕಾಲ ಬದುಕುವ ವಿದ್ಯೆಯಲ್ಲಿ ರಷ್ಯನ್ನರನ್ನು ಮೀರಿಸಿದವರಿಲ್ಲ. ವೈದ್ಯ ವಲೇರಿ ಪೊಲ್ಯಾಕೊವ್ 1994-95ರಲ್ಲಿ ಮಿರ್ ನಿಲ್ದಾಣದಲ್ಲಿ ಒಂದೇ ಸಲಕ್ಕೆ 437 ದಿನ ಇದ್ದರು. ಕಲಿತ ವಿದ್ಯೆ ಕೈತಪ್ಪುವುದೂ ಉಂಟು: 2011ರಲ್ಲಿ ತನ್ನ ಶಟಲ್ ನೌಕೆಗಳ ಹಾರಾಟ ನಿಲ್ಲಿಸಿದ ಅಮೆರಿಕ, 2020ರವರೆಗೂ ತನ್ನವರನ್ನು ರಷ್ಯದ ಸೋಯುಜ್‌ನಲ್ಲಿ ಹಣ ಕೊಟ್ಟು ಕಳಿಸಬೇಕಾಯಿತು. ತಡವಾಗಿ ಹೊರಟ ಚೀನಾ ಈಗ ತಿಯಾಂಗಾಂಗ್ ಎಂಬ ಸ್ವಂತ ನಿಲ್ದಾಣ ನಡೆಸುತ್ತಿದೆ.

ಈ ವಿದ್ಯೆ ಏಕಿಷ್ಟು ಕಷ್ಟ? ಕೋಲಾರ ಜಿಲ್ಲೆಯವರಿಗೆ ಇದನ್ನು ಕೆಜಿಎಫ್ ಗಣಿಯ ಮೂಲಕವೇ ಹೇಳಬಹುದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು. ಅಲ್ಲಿ ಬಂಡೆಯೇ ಸುಡುವಷ್ಟು ಬಿಸಿ. ಮೇಲಿನಿಂದ ತಂಪು ಗಾಳಿ ಇಳಿಸದಿದ್ದರೆ ಕೆಲಸಗಾರ ಬದುಕುತ್ತಿರಲಿಲ್ಲ. ಭೂಮಿಯಿಂದ 400 ಕಿ.ಮೀ. ಮೇಲೆ ಆ ಗಾಳಿಯನ್ನೂ ನೌಕೆಯೇ ಹೊರಬೇಕು. ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಬೇಕು, ತೇವ ತೆಗೆಯಬೇಕು, ಒತ್ತಡ ಕಾಯಬೇಕು. ಅದೂ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ! ಆ ವೇಗಕ್ಕೆ ಕೋಲಾರದಿಂದ ಬೆಂಗಳೂರು ಒಂಬತ್ತೇ ಸೆಕೆಂಡಿನ ದಾರಿ.

ಹಿಂತಿರುಗುವ ಹಾದಿಯೂ ಸಲೀಸಲ್ಲ. 1971ರಲ್ಲಿ ಸೋಯುಜ್-11 ಇಳಿಯುವ ಮುನ್ನ ಒಂದು ಕವಾಟ ತೆರೆದುಕೊಂಡು ಒಳಗಿನ ಗಾಳಿ ಸೋರಿ ಮೂವರು ಅಸುನೀಗಿದರು. 2003ರಲ್ಲಿ ಕೊಲಂಬಿಯಾ ಶಟಲ್ ಮರಳುವಾಗ ಸಿಡಿದು, ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಇಲ್ಲವಾದರು. ಸುರಕ್ಷತೆಗಾಗಿ ತಡ ಮಾಡುವ ದೇಶವನ್ನು ಹಿಂದುಳಿದದ್ದೆಂದು ಹಳಿಯುವುದು ತಪ್ಪು.

2023ರ ಅಕ್ಟೋಬರ್ 21ರ ಬೆಳಿಗ್ಗೆ ಶ್ರೀಹರಿಕೋಟದಲ್ಲಿ ಆ ಎಚ್ಚರ ಕಣ್ಣಿಗೆ ಕಂಡಿತು. ಭಾರತೀಯರನ್ನು ಸ್ವಂತ ನೌಕೆಯಲ್ಲಿ ಕಳಿಸುವ ಗಗನಯಾನ ಯೋಜನೆಯ ಪರೀಕ್ಷಾ ರಾಕೆಟ್ ಹಾರಲು ಐದೇ ಸೆಕೆಂಡು ಉಳಿದಿದ್ದಾಗ ಗಣಕವೇ ಎಣಿಕೆಯನ್ನು ತಡೆಯಿತು. ಇಸ್ರೋ ಎಂಜಿನಿಯರುಗಳು ಕಾರಣ ಹುಡುಕಿ ಸರಿಪಡಿಸಿ ಹತ್ತು ಗಂಟೆಗೆ ಹಾರಿಸಿದರು. ಅಪಾಯದ ವೇಳೆ ಸಿಬ್ಬಂದಿ ಕೋಶವನ್ನು ರಾಕೆಟ್ಟಿನಿಂದ ಕಿತ್ತು ದೂರ ಒಯ್ಯುವ ವ್ಯವಸ್ಥೆ ಕೆಲಸ ಮಾಡಿತು. ಕೋಶ ಪ್ಯಾರಾಚೂಟ್‌ಗಳಲ್ಲಿ ಇಳಿದು ಬಂಗಾಳ ಕೊಲ್ಲಿಗೆ ಬಿತ್ತು.

ಈ ಸ್ವಂತ ಬಂಡಿಯ ಕೆಲಸದ ದೊಡ್ಡ ಪಾಲು ಪಕ್ಕದ ಬೆಂಗಳೂರಿನಲ್ಲೇ ನಡೆಯುತ್ತಿದೆ. 2019ರಲ್ಲಿ ಆರಂಭವಾದ ಇಸ್ರೋದ ಮಾನವ ಅಂತರಿಕ್ಷಯಾನ ಕೇಂದ್ರ ಅಲ್ಲಿದೆ. ಹಾರುವವರ ದೇಹವನ್ನು ಪರೀಕ್ಷಿಸಿ ಆರಿಸುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಅಲ್ಲಿದೆ. ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಹಾಗೂ ಶುಕ್ಲಾ ಗಗನಯಾನಕ್ಕೆ ಆಯ್ಕೆಯಾದ ನಾಲ್ವರು. ಯಾರೂ ಇಲ್ಲದ ಹಾರಾಟಗಳು ಮೊದಲು ಗೆಲ್ಲಬೇಕು. ಆಮೇಲಷ್ಟೇ ಮನುಷ್ಯರ ಸರದಿ.

ಶುಕ್ಲಾ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಮಾಡಿದ ಪ್ರಯೋಗಗಳಲ್ಲಿ ಒಂದು ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಅವರ ಯೋಜನೆಯಂತೆ ಶುಕ್ಲಾ ತಟ್ಟೆಯಲ್ಲಿ ಹೆಸರುಕಾಳು, ಮೆಂತ್ಯಕ್ಕೆ ಮೊಳಕೆ ಬರಿಸಿ, ಶೀತಪೆಟ್ಟಿಗೆಯಲ್ಲಿಟ್ಟು ಭೂಮಿಗೆ ತಂದರು. ಇಂಥ ಪ್ರಯೋಗದಲ್ಲಿ ಹೋಲಿಕೆಗೆಂದು ನೆಲದ ಮೇಲೂ ಅದೇ ಕಾಳಿಗೆ ಮೊಳಕೆ ಬರಿಸಿ ನೋಡಬೇಕಾಗುತ್ತದೆ. ಹೋಳೂರಿನ ಮೇಷ್ಟ್ರುಗಳೂ ಒದ್ದೆ ಬಟ್ಟೆಯಲ್ಲಿ ಒಂದು ಹಿಡಿ ಹೆಸರುಕಾಳು ಕಟ್ಟಿಟ್ಟು, ಬೇರು ಯಾವ ಕಡೆಗೆ ತಿರುಗುತ್ತದೆ, ಏಕೆ ತಿರುಗುತ್ತದೆ ಎಂದು ಮಕ್ಕಳನ್ನು ಕೇಳಲಿ.