ವ್ಯಾನಿಟಿ ಕ್ಯಾಬಿನೆಟ್: ಹಲಗೆಯ ದರ್ಜೆಯಲ್ಲಿ ಉಳಿತಾಯ ಬೇಡ

ವಾಷ್ ಬೇಸಿನ್ನಿನ ಕೆಳಗೆ ಅಳವಡಿಸುವ ವ್ಯಾನಿಟಿ ಕ್ಯಾಬಿನೆಟ್ ಇಂದು ಮಧ್ಯಮ ವರ್ಗದ ಮನೆಗಳಲ್ಲಿಯೂ ಕಾಣಸಿಗುತ್ತಿದ್ದು, ಸಣ್ಣ ಪೀಠೋಪಕರಣ ಘಟಕಗಳಿಗೂ ಹಾರ್ಡ್‌ವೇರ್ ವರ್ತಕರಿಗೂ ವಹಿವಾಟಿನ ಒಂದು ಬಾಬತ್ತಾಗಿದೆ. ಆದರೆ ಮಲಗುವ ಕೋಣೆಯ ಕಪಾಟಿಗೆ ಒಗ್ಗುವ ಹಲಗೆ ಇಲ್ಲಿ ಒಗ್ಗದು. ಬಕೆಟ್ಟು-ಚೊಂಬಿನ ಸ್ನಾನ, ನೀರು ಸುರಿದು ನೆಲ ತೊಳೆಯುವ ರೂಢಿ, ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ಆರದ ತೇವ ಇವೆಲ್ಲವನ್ನೂ ಈ ಕ್ಯಾಬಿನೆಟ್ ತಾಳಿಕೊಳ್ಳಬೇಕು.

ದರ್ಜೆಗಳ ವ್ಯತ್ಯಾಸ

ಪ್ಲೈವುಡ್ಡಿನ ಬಾಳಿಕೆಯನ್ನು ಮರದಷ್ಟೇ ಅದರ ಅಂಟೂ ನಿರ್ಧರಿಸುತ್ತದೆ. ಎಂ.ಆರ್. ದರ್ಜೆಯಲ್ಲಿ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟನ್ನು ಬಳಸಲಾಗುತ್ತದೆ. ಇದು ಗಾಳಿಯ ತೇವವನ್ನು ತಡೆದೀತೇ ಹೊರತು ಪದೇ ಪದೇ ನೆನೆಯುವುದನ್ನಲ್ಲ. ಬಿ.ಡಬ್ಲ್ಯೂ.ಆರ್. ದರ್ಜೆಯಲ್ಲಿಯೂ ಐ.ಎಸ್. 710 ಮಾನಕದ ಮೆರೈನ್ ಪ್ಲೈವುಡ್ಡಿನಲ್ಲಿಯೂ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿರುತ್ತದೆ. ಎಂ.ಆರ್. ಮಾದರಿಯನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪರೀಕ್ಷಿಸಿದರೆ, ಮೆರೈನ್ ಮಾದರಿಯನ್ನು 72 ಗಂಟೆ ಕುದಿಯುವ ನೀರಿನಲ್ಲಿ ಇಡಲಾಗುತ್ತದೆ. ಸಾಧಾರಣ ಪಾರ್ಟಿಕಲ್ ಬೋರ್ಡ್ ಮತ್ತು ಎಂ.ಡಿ.ಎಫ್. ಒಮ್ಮೆ ನೀರು ಹೀರಿ ಉಬ್ಬಿದರೆ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಪಿ.ವಿ.ಸಿ. ಫೋಮ್ ಬೋರ್ಡಿಗೆ ನೀರಿನ ಭಯವಿಲ್ಲವಾದರೂ ಸ್ಕ್ರೂ ಹಿಡಿಯುವ ಶಕ್ತಿ ಕಡಿಮೆ. ಆದ್ದರಿಂದ ಗ್ರಾನೈಟ್ ಮೇಲ್ಭಾಗದ ಭಾರವನ್ನು ಗೋಡೆಯ ಬ್ರಾಕೆಟ್ಟಿನ ಮೇಲೆಯೇ ಹೊರಿಸಬೇಕು.

ಲೆಕ್ಕಾಚಾರ

750 ಮಿ.ಮೀ. ಅಗಲ, 550 ಮಿ.ಮೀ. ಎತ್ತರ, 500 ಮಿ.ಮೀ. ಆಳದ ಕ್ಯಾಬಿನೆಟ್ಟಿಗೆ ಬಾಗಿಲು ಸೇರಿದಂತೆ ಸುಮಾರು 24 ಚದರ ಅಡಿ ಹಲಗೆ ಬೇಕು. 8 ಅಡಿಗೆ 4 ಅಡಿಯ ಒಂದು ಹಾಳೆಯೇ 32 ಚದರ ಅಡಿ. ಎಂದರೆ ಮೇಲ್ದರ್ಜೆಯ ಹಲಗೆಗೆ ತೆರುವ ಹೆಚ್ಚುವರಿ ಬೆಲೆ ಒಂದೇ ಹಾಳೆಗೆ ಸೀಮಿತ. ಮಾಲು ಹಿಂದಿರುಗಿದರೆ ಆ ಹಾಳೆಯ ಜೊತೆಗೆ ಲ್ಯಾಮಿನೇಟ್, ಕೂಲಿ, ಸಾಗಣೆ ಮತ್ತು ಬೇಸಿನ್ ಬಿಚ್ಚಿ ಕೂರಿಸುವ ಪ್ಲಂಬರನ ವೆಚ್ಚವೆಲ್ಲ ಎರಡನೆಯ ಬಾರಿ ತಯಾರಕನ ತಲೆಯ ಮೇಲೆ ಬೀಳುತ್ತದೆ.

ನೀರು ಒಳಸೇರುವ ದಾರಿ

ಉತ್ತಮ ಹಲಗೆಯೂ ಅಂಚಿನಿಂದಲೇ ಕೆಡಲಾರಂಭಿಸುತ್ತದೆ. ಕಣ್ಣಿಗೆ ಬೀಳುವ ಅಂಚುಗಳಿಗೆ ಎಡ್ಜ್ ಬ್ಯಾಂಡ್ ಹಾಕಿ, ಪೈಪಿಗಾಗಿ ಕೊರೆದ ರಂಧ್ರ ಹಾಗೂ ತಳದ ಹಿಂಬದಿಯ ಅಂಚನ್ನು ಹಾಗೆಯೇ ಬಿಡುವುದು ಸಾಮಾನ್ಯ ಲೋಪ. ಇವುಗಳನ್ನೂ ಸಿಲಿಕೋನ್ ಸೀಲಂಟಿನಿಂದ ಮುಚ್ಚಬೇಕು. ಕ್ಯಾಬಿನೆಟ್ಟನ್ನು ನೆಲಕ್ಕೆ ತಾಗಿಸದೆ ಗೋಡೆಗೆ ತೂಗುಹಾಕುವುದು, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಿಂಜ್‌ಗಳನ್ನು ಬಳಸುವುದು ಬಾಳಿಕೆಗೆ ಪೂರಕ.

ಹಳೆಯದರ ನವೀಕರಣದಲ್ಲಿ ಮೊದಲು ವೇಸ್ಟ್ ಪೈಪಿನ ಸೋರಿಕೆಯನ್ನು ಸರಿಪಡಿಸಬೇಕು. ತಳದ ಹಲಗೆ ಗಟ್ಟಿಯಾಗಿದ್ದರೆ ಬಾಗಿಲು ಬದಲಿಸಿದರೆ ಸಾಕು. ಉಬ್ಬಿದ್ದರೆ ಹೊಸ ಬಾಗಿಲಿಗೆ ಮಾಡಿದ ಖರ್ಚೂ ವ್ಯರ್ಥ.

ಬಿಲ್ಲಿನ ಬರಹ

ಬರಿಯ ‘ವಾಟರ್‌ಪ್ರೂಫ್’ ಎಂಬ ಮಾತು ಮಾನಕದ ಸಂಖ್ಯೆಗೆ ಪರ್ಯಾಯವಲ್ಲ. ಖರೀದಿಸುವಾಗ ಹಾಳೆಯ ಮೇಲಿನ ಐ.ಎಸ್.ಐ. ಮುದ್ರೆ, ಮಾನಕದ ಸಂಖ್ಯೆ ಮತ್ತು ದರ್ಜೆಯನ್ನು ನೋಡಬೇಕು. ಪರವಾನಗಿ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ತಾಳೆ ನೋಡಬಹುದು. ಮಾರುವಾಗ ಅದೇ ವಿವರವನ್ನು ಬಿಲ್ಲಿನಲ್ಲಿ ನಮೂದಿಸುವುದು ಒಳಿತು. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ವರ್ತಕನು ಹೇಳಿಕೊಂಡ ಗುಣಮಟ್ಟ ಸರಕಿನಲ್ಲಿ ಇಲ್ಲದಿದ್ದರೆ ಅದು ದೋಷವೆನಿಸುತ್ತದೆ. ಸರಿಯಾದ ದರ್ಜೆಯನ್ನು ಬಳಸಿ ಅದನ್ನೇ ಬರೆದುಕೊಟ್ಟವನಿಗೆ ದೂರು ಬಂದಾಗ ಆ ಬಿಲ್ಲೇ ಆಧಾರವಾಗುತ್ತದೆ.