ಅಗ್ಗದ ಲಕೋಟೆಯ ಜಾಡು

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ರೈಲು ತಿಪಟೂರನ್ನು ಬಿಟ್ಟಿತೆಂದು ಸುದ್ದಿ ಬಂದಿದೆ. ಅರಸೀಕೆರೆಯಿಂದ ಇನ್ನೂ ಸುದ್ದಿಯಿಲ್ಲ ಎಂದು ಭಾವಿಸೋಣ. ರೈಲು ಈಗ ಎಲ್ಲಿದೆ? ಈ ಎರಡು ಊರುಗಳ ನಡುವೆ ಎಲ್ಲಿಯೋ ಇರಬೇಕೆಂದು ನಾವು ಊಹಿಸುತ್ತೇವೆ. ಆದರೆ ಅರಸೀಕೆರೆಯವರು ಸುದ್ದಿ ಕಳುಹಿಸಲು ಮರೆತಿದ್ದರೆ, ರೈಲು ಆ ವೇಳೆಗೆ ಕಡೂರನ್ನೇ ಸೇರಿರಬಹುದು. ಒಂದು ವಸ್ತುವು ಎಲ್ಲಿದೆ ಎಂಬುದೂ, ಅದನ್ನು ಕಡೆಯ ಸಲ ಕಂಡದ್ದು ಎಲ್ಲಿ ಎಂಬುದೂ ಬೇರೆ ಬೇರೆ ಸಂಗತಿಗಳು. ಆನ್‌ಲೈನ್ ವ್ಯಾಪಾರದಲ್ಲಿ ಮಾರುವವನಿಗೂ ಕೊಳ್ಳುವವನಿಗೂ ಹುಟ್ಟುವ ಎಷ್ಟೋ ಮನಸ್ತಾಪಗಳಿಗೆ ಈ ಭೇದವನ್ನು ಮರೆಯುವುದೇ ಮೂಲ. ಅಮೆರಿಕದ ಒಂದು ಉದಾಹರಣೆಯಿಂದ ಇದನ್ನು ವಿಚಾರ ಮಾಡೋಣ.

ಆ ದೇಶದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವುಳ್ಳ ಕಾರ್ಡುಗಳು, ಹಳೆಯ ಅಂಚೆಚೀಟಿಗಳು, ನಾಣ್ಯಗಳು ಮೊದಲಾದುವನ್ನು ಸಂಗ್ರಹಿಸುವವರು ಬಹಳ ಮಂದಿ. ಐದು ಡಾಲರಿನ ಒಂದು ಕಾರ್ಡನ್ನು ಪಾರ್ಸೆಲಿನಲ್ಲಿ ಕಳುಹಿಸಿದರೆ ಕೂಲಿಯೇ ಸರಕಿನ ಬೆಲೆಯ ಸಮೀಪಕ್ಕೆ ಬರುತ್ತದೆ. ಸಾಮಾನ್ಯ ಕಾಗದದಂತೆ ಅಂಚೆಪೆಟ್ಟಿಗೆಗೆ ಹಾಕಿದರೆ ಖರ್ಚೇನೋ ಅತ್ಯಲ್ಪ, ಆದರೆ ಕಳುಹಿಸಿದುದಕ್ಕೆ ಸಾಕ್ಷ್ಯವಿಲ್ಲ. ಈ ತೊಡಕನ್ನು ನೀಗಲೆಂದು ಈಬೇ ಸಂಸ್ಥೆಯು 2021ರಲ್ಲಿ ‘ಸ್ಟ್ಯಾಂಡರ್ಡ್ ಎನ್ವಲಪ್’ ಎಂಬ ಏರ್ಪಾಡನ್ನು ಪ್ರಾರಂಭಿಸಿತು. 3 ಔನ್ಸಿಗೆ, ಎಂದರೆ ಸುಮಾರು 85 ಗ್ರಾಮಿಗೆ, ಮೀರದ ಮತ್ತು ಕಾಲು ಅಂಗುಲಕ್ಕಿಂತ ದಪ್ಪವಿಲ್ಲದ ಲಕೋಟೆಯು ಕಾಗದದ ದರದಲ್ಲಿಯೇ ಹೋಗುತ್ತದೆ. ಅದರ ಜಾಡೂ ಕಂಪ್ಯೂಟರಿನಲ್ಲಿ ಕಾಣುತ್ತದೆ. ಇಷ್ಟು ಅಗ್ಗದಲ್ಲಿ ಜಾಡು ತಿಳಿಯುವುದು ಹೇಗೆ?

ಅರುವತ್ತೈದು ಗೆರೆಗಳು

ಲಕೋಟೆಯ ಮೇಲೆ ವಿಳಾಸದ ಬಳಿ 65 ಸಣ್ಣ ಗೆರೆಗಳ ಒಂದು ಸಾಲನ್ನು ಮುದ್ರಿಸಿರುತ್ತಾರೆ. ಪ್ರತಿಯೊಂದು ಗೆರೆಗೂ ನಾಲ್ಕೇ ರೂಪಗಳು: ನಡುವೆ ಮಾತ್ರ ಇರುವ ಗಿಡ್ಡಗೆರೆ, ನಡುವಿನಿಂದ ಮೇಲಕ್ಕೆ ಚಾಚಿದುದು, ಕೆಳಕ್ಕೆ ಚಾಚಿದುದು, ಎರಡು ಕಡೆಗೂ ಚಾಚಿದುದು. ಹೀಗೆ 65 ಗೆರೆಗಳನ್ನು 4ರ 65ನೆಯ ಘಾತದಷ್ಟು, ಎಂದರೆ 1ರ ಮುಂದೆ 39 ಸೊನ್ನೆಗಳನ್ನಿಟ್ಟುದಕ್ಕಿಂತಲೂ ಹೆಚ್ಚು ಬಗೆಗಳಲ್ಲಿ ಬರೆಯಬಹುದು. ತಿಳಿಸಬೇಕಾದುದು ಹೆಚ್ಚೆಂದರೆ 31 ಅಂಕಿಗಳು: ಸೇವೆಯ ಬಗೆ, ಕಳುಹಿಸಿದವರ ಸಂಖ್ಯೆ, ಆ ಲಕೋಟೆಯ ಕ್ರಮಸಂಖ್ಯೆ, ತಲುಪಬೇಕಾದ ಸ್ಥಳ. ಇದಕ್ಕೆ 1ರ ಮುಂದೆ 31 ಸೊನ್ನೆಗಳಷ್ಟು ಬಗೆಗಳಿದ್ದರೆ ಸಾಕು. ಉಳಿದವು ವ್ಯರ್ಥವೆ? ಅಲ್ಲ. ಕೋಟ್ಯನುಕೋಟಿ ವಿನ್ಯಾಸಗಳಿಗೆ ಅರ್ಥವೇ ಇಲ್ಲದಿರುವುದರಿಂದ, ಒಂದು ಗೆರೆ ಮಾಸಿದರೆ ಅಥವಾ ತಪ್ಪಾಗಿ ಕಂಡರೆ ಯಂತ್ರವು ಅದನ್ನು ಕಂಡುಹಿಡಿಯುತ್ತದೆ.

ವಿಂಗಡಿಸುವ ಯಂತ್ರವು ಗಂಟೆಗೆ 30,000ಕ್ಕೂ ಹೆಚ್ಚು, ಎಂದರೆ ಸೆಕೆಂಡಿಗೆ ಎಂಟಕ್ಕಿಂತ ಹೆಚ್ಚು ಕಾಗದಗಳನ್ನು ಓದಬಲ್ಲುದು. ಕಾಗದವು ಓಡುತ್ತಿರುವಂತೆಯೇ ಅದರ ಮೇಲೆ ಬೆಳಕು ಬೀಳುತ್ತದೆ. ಬಿಳಿಯ ಭಾಗವು ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ, ಕಪ್ಪು ಗೆರೆಯು ಅದನ್ನು ಹೀರಿಕೊಳ್ಳುತ್ತದೆ. ಈ ಏರಿಳಿತವನ್ನು ಕ್ಯಾಮೆರವು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಓದಿದ ಸ್ಥಳವೂ ವೇಳೆಯೂ ದಾಖಲೆಯಾಗುತ್ತವೆ. ವಿಂಗಡಿಸುವುದಕ್ಕಾಗಿ ಹೇಗಿದ್ದರೂ ಓದಲೇಬೇಕು. ಜಾಡು ಅದರ ಉಪಫಲ. ಆದುದರಿಂದಲೇ ಅದು ಇಷ್ಟು ಅಗ್ಗ.

ಜಾಡು ತಪ್ಪುವುದೆಲ್ಲಿ?

ಅಗ್ಗವಾಗಿರುವುದಕ್ಕೆ ಯಾವುದು ಕಾರಣವೋ ದೋಷಗಳಿಗೂ ಅದೇ ಕಾರಣ. ಯಂತ್ರವು ಓದಿದರೆ ದಾಖಲೆಯುಂಟು, ಓದದಿದ್ದರೆ ಇಲ್ಲ. ಬೀದಿಯ ಪೆಟ್ಟಿಗೆಗೆ ಹಾಕಿದ ಲಕೋಟೆಯು ವಿಂಗಡಣೆಯ ಕೇಂದ್ರವನ್ನು ಮುಟ್ಟುವವರೆಗೆ ಕಂಪ್ಯೂಟರಿನ ಪಾಲಿಗೆ ಹುಟ್ಟಿಯೇ ಇರುವುದಿಲ್ಲ. ಗೆರೆಗಳ ಮೇಲೆ ಹೊಳೆಯುವ ಅಂಟುಪಟ್ಟಿಯನ್ನು ಹಚ್ಚಿದರೆ, ಅದು ಕನ್ನಡಿಯಂತೆ ಬೆಳಕನ್ನು ಪ್ರತಿಫಲಿಸಿ ಕಪ್ಪು ಬಿಳುಪುಗಳ ಭೇದವನ್ನು ಅಳಿಸಿಬಿಡಬಹುದು. ಮುದ್ರಣವು ಮಂಕಾಗಿದ್ದರೂ, ಗಾಢವರ್ಣದ ಲಕೋಟೆಯನ್ನು ಬಳಸಿದರೂ ಇದೇ ಫಲ.

ಎಲ್ಲಕ್ಕಿಂತ ಮುಖ್ಯವಾದುದು ಲಕೋಟೆಯ ಬಿಗುಪು. ಅಂಚೆಯ ಯಂತ್ರಗಳಲ್ಲಿ ಕಾಗದವು ಎರಡು ಪಟ್ಟಿಗಳ ನಡುವೆ ಸಿಕ್ಕಿ, ಉರುಳೆಗಳ ಸುತ್ತ ಬಾಗಿಕೊಂಡು ಓಡಬೇಕು. ಕಾರ್ಡು ಮಡಿಸಿಹೋದೀತೆಂದು ಹೆದರಿದ ಮಾರಾಟಗಾರನು ಅದನ್ನು ಗಡಸು ಪ್ಲಾಸ್ಟಿಕ್ ಕವಚದಲ್ಲಿಟ್ಟರೆ ಲಕೋಟೆಯು ಬಾಗದು. ಯಂತ್ರದಲ್ಲಿ ಸಿಕ್ಕಿಕೊಂಡು ಹರಿಯಲೂಬಹುದು. ಅಂತಹುದನ್ನು ನೌಕರರು ಹೊರತೆಗೆದು ಕೈಯಿಂದ ವಿಂಗಡಿಸುತ್ತಾರೆ. ಅದು ಕ್ಷೇಮವಾಗಿ ಊರು ಸೇರಬಹುದು, ಆದರೆ ಜಾಡಿನಲ್ಲಿ ಒಂದು ಸಾಲೂ ಬೀಳದು. ಕಾರ್ಡನ್ನು ಕಾಪಾಡಲು ಮಾಡಿದ ಉಪಾಯವೇ ಸಾಕ್ಷ್ಯವನ್ನು ನಾಶಮಾಡಿತು!

ಕೊನೆಯ ಮೆಟ್ಟಿಲಿನಲ್ಲಿ ಇನ್ನೊಂದು ವಿಚಿತ್ರವುಂಟು. ಪಾರ್ಸೆಲಾದರೆ ಅಂಚೆಯವನು ಮನೆಯ ಬಾಗಿಲಲ್ಲಿ ಅದರ ಗುರುತನ್ನು ಕೈಯಂತ್ರದಿಂದ ಓದುತ್ತಾನೆ. ಕಾಗದವನ್ನು ಯಾರೂ ಬಾಗಿಲಲ್ಲಿ ಓದುವುದಿಲ್ಲ. ಯಂತ್ರವು ಅವನು ನಡೆಯುವ ಮನೆಗಳ ಕ್ರಮದಲ್ಲಿಯೇ ಕಾಗದಗಳನ್ನು ಜೋಡಿಸಿಕೊಡುತ್ತದೆ. ಅವನ ಬಳಿಯ ಸಾಧನವು ಉಪಗ್ರಹಗಳ ನೆರವಿನಿಂದ ಅವನಿರುವ ಸ್ಥಳವನ್ನು ತಿಳಿಸುತ್ತಿರುತ್ತದೆ. ಕಾಗದವು ಅವನ ಕಟ್ಟಿನಲ್ಲಿತ್ತು, ಅವನು ಆ ಮನೆಯ ಬಳಿಗೆ ಹೋದನು, ಆದುದರಿಂದ ಕಾಗದವು ತಲುಪಿತು ಎಂದು ಕಂಪ್ಯೂಟರು ತರ್ಕಿಸುತ್ತದೆ. ಅಮೆರಿಕದ ಅಂಚೆಯವರು ಇದಕ್ಕೆ ‘ತಾರ್ಕಿಕ ವಿತರಣೆ’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ತರ್ಕವು ಬಹುಮಟ್ಟಿಗೆ ಸರಿಯೇ. ಆದರೆ ಕಾಗದವು ನೆರೆಮನೆಯ ಪೆಟ್ಟಿಗೆಗೆ ಬಿದ್ದಿದ್ದರೆ ಕಂಪ್ಯೂಟರಿಗೆ ಅದು ತಿಳಿಯದು.

ಯಾರನ್ನು ನಂಬಬೇಕು?

ಹೀಗೆ ತಪ್ಪುಗಳು ಎರಡು ಬಗೆ: ವಸ್ತು ತಲುಪಿದ್ದರೂ ದಾಖಲೆಯಿಲ್ಲದಿರುವುದು, ತಲುಪದಿದ್ದರೂ ತಲುಪಿತೆಂದು ದಾಖಲೆಯಿರುವುದು. ಮೊದಲನೆಯದರಲ್ಲಿ ಕಳುಹಿಸಿಯೇ ಇಲ್ಲವೆಂದು ಮಾರಿದವನ ಮೇಲೆ ಸಂಶಯ. ಎರಡನೆಯದರಲ್ಲಿ ಸರಕನ್ನು ಪಡೆದೂ ಇಲ್ಲವೆನ್ನುತ್ತಾನೆಂದು ಕೊಂಡವನ ಮೇಲೆ ಸಂಶಯ. ಇಬ್ಬರೂ ಸತ್ಯವಂತರಾಗಿರಬಹುದು. ಉಪಕರಣದ ಮಿತಿಯನ್ನರಿಯದೆ ಮನುಷ್ಯನ ಶೀಲವನ್ನು ಅಳೆಯುವುದು ನ್ಯಾಯವಲ್ಲ.

ಹಾಗಾದರೆ ಈ ಲಕೋಟೆಯನ್ನು ಬಳಸಬಾರದೆ? ಲೆಕ್ಕ ಹಾಕಿ ನೋಡೋಣ. ಪಾರ್ಸೆಲಿಗಿಂತ ಲಕೋಟೆಯಲ್ಲಿ 4 ಡಾಲರು ಉಳಿಯುವುದೆಂದೂ, ನೂರಕ್ಕೆ ಮೂರು ಲಕೋಟೆಗಳು ಕಳೆದುಹೋಗುವುವೆಂದೂ, ಪಾರ್ಸೆಲಿನಲ್ಲಿ ನಷ್ಟವೇ ಇಲ್ಲವೆಂದೂ ಇಟ್ಟುಕೊಳ್ಳಿ. 10 ಡಾಲರಿನ ನೂರು ಕಾರ್ಡುಗಳನ್ನು ಕಳುಹಿಸಿದರೆ ಉಳಿತಾಯ 400 ಡಾಲರು, ನಷ್ಟ 30 ಡಾಲರು. ಕಾರ್ಡಿನ ಬೆಲೆ 300 ಡಾಲರಾದರೆ ಉಳಿತಾಯ ಅದೇ 400, ನಷ್ಟವೋ 900! ಈಬೇ ಸಂಸ್ಥೆಯು ಈ ಸೇವೆಯನ್ನು ಕಡಮೆ ಬೆಲೆಯ ಸರಕಿಗೆ ಮಿತಿಗೊಳಿಸಿ, ಒಂದು ಬಿಡಿ ಸರಕಿನ ನಷ್ಟಕ್ಕೆ 20 ಡಾಲರಿನವರೆಗೆ ಪರಿಹಾರವನ್ನು ಏರ್ಪಡಿಸಿದುದರ ಹಿಂದೆ ಇಂತಹ ಲೆಕ್ಕವೇ ಇದೆ. ಪ್ರತಿಯೊಂದು ಲಕೋಟೆಯನ್ನೂ ಬಾಗಿಲವರೆಗೆ ಕಾಯುವುದಕ್ಕಿಂತ ಕಳೆದುಹೋದ ಕೆಲವಕ್ಕೆ ಹಣ ತೆರುವುದು ಅಗ್ಗ.

ನಮ್ಮ ದೇಶದಲ್ಲಿಯೂ ಸಾಮಾನ್ಯ ಕಾಗದಕ್ಕೆ ರಸೀದಿಯಿಲ್ಲ. ಸಾಕ್ಷ್ಯ ಬೇಕಾದವರು ಹಿಂದೆ ರಿಜಿಸ್ಟರ್ ಮಾಡುತ್ತಿದ್ದರು. 2025ರಲ್ಲಿ ಆ ಸೇವೆಯು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಹೆಚ್ಚಿನ ದರದಲ್ಲಿ ನಾವು ಕೊಳ್ಳುವುದು ವೇಗವನ್ನಷ್ಟೇ ಅಲ್ಲ, ಸಾಕ್ಷ್ಯವನ್ನೂ ಹೌದು. ಮನೆಯಿಂದಲೇ ಸಣ್ಣ ವ್ಯಾಪಾರವನ್ನು ನಡೆಸಬೇಕೆಂದಿರುವ ವಿದ್ಯಾರ್ಥಿಗಳು ಮೊದಲು ಸರಕಿನ ಬೆಲೆಯನ್ನು ನೋಡಿ, ಎಷ್ಟು ಸಾಕ್ಷ್ಯ ಬೇಕೆಂಬುದನ್ನು ನಿರ್ಧರಿಸಲಿ. ಅಗ್ಗದ ಲಕೋಟೆಯನ್ನೇ ಆರಿಸಿದರೆ ಅದು ತೆಳ್ಳಗಿರಲಿ, ಬಾಗುವಂತಿರಲಿ, ಅದರ ಗೆರೆಗಳು ಕಪ್ಪಾಗಿ ಸ್ಪಷ್ಟವಾಗಿರಲಿ. ಜಾಡು ಕಾಣದಿದ್ದಾಗ ಕೆಲವು ದಿನ ಕಾದು, ಆಮೇಲೆ ವಿಚಾರಿಸಲಿ.